ಫ್ಯಾರಡೆಗೆ ಸಿಕ್ಕ ಗ್ರೀಕ್

ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು ವಿಜ್ಞಾನಿಯಾದ ಮೈಕೆಲ್ ಫ್ಯಾರಡೆಗೆ ಗ್ರೀಕ್ ಬರುತ್ತಿರಲಿಲ್ಲ. ದ್ರಾವಣಕ್ಕೆ ಕರೆಂಟು ಹರಿಸಿ ಅದನ್ನು ವಿಭಜಿಸುವ ಪ್ರಯೋಗಗಳಲ್ಲಿ ಕರೆಂಟು ಒಳಹೋಗುವ, ಹೊರಬರುವ ತುದಿಗಳಿಗಿದ್ದ ‘ಪೋಲ್’ ಎಂಬ ಹಳೆಯ ಹೆಸರು ಆತನಿಗೆ ಸರಿಕಾಣಲಿಲ್ಲ. ಧ್ರುವ ಎಂದೊಡನೆ ಅದು ಏನನ್ನೋ ಸೆಳೆಯುತ್ತದೆ ಎಂದಾಗುತ್ತದೆ. ಆ ಸೆಳೆತವನ್ನೇ ಆತ ಒಪ್ಪಿರಲಿಲ್ಲ. ಈಸ್ಟೋಡ್, ವೆಸ್ಟೋಡ್ ಎಂದೆಲ್ಲ ತಾನೇ ಹೊಸೆದು ನೋಡಿ, 1834ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ವಿಲಿಯಂ ಹ್ಯೂವೆಲ್‌ಗೆ ಕಾಗದ ಬರೆದ. ಅಲ್ಲಿಂದ ಬಂದ ಜೋಡಿಯೇ ಆನೋಡ್, ಕ್ಯಾಥೋಡ್. ಗೆಳೆಯರು ತಕರಾರು ತೆಗೆದಾಗ ಫ್ಯಾರಡೆ ಹ್ಯೂವೆಲ್‌ನ ಹೆಸರನ್ನೇ ಗುರಾಣಿಯಾಗಿ ಹಿಡಿದ, ಬಾಯಿಗಳು ಮುಚ್ಚಿದವು.

ಗ್ರೀಕಿನಲ್ಲಿ ‘ಅನಾ’ ಅಂದರೆ ಮೇಲಕ್ಕೆ, ‘ಕಟಾ’ ಕೆಳಕ್ಕೆ, ‘ಹೊಡೋಸ್’ ದಾರಿ. ಪಾತ್ರೆಯೊಳಗೆ ಮೇಲೆಲ್ಲಿ, ಕೆಳಗೆಲ್ಲಿ? ಭೂಮಿಯ ಕಾಂತತ್ವಕ್ಕೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಕರೆಂಟು ಕಾರಣ ಎಂದಿಟ್ಟುಕೊಂಡು, ಪ್ರಯೋಗದ ಪಾತ್ರೆಯನ್ನೂ ಅದೇ ದಿಕ್ಕಿಗೆ ಹೊಂದಿಸಿದಂತೆ ಊಹಿಸಿಕೊಳ್ಳಿ ಎಂದ ಫ್ಯಾರಡೆ. ಕರೆಂಟು ಒಳಬರುವ ಪೂರ್ವದ ಕಡೆ ಸೂರ್ಯ ಏರುವ ದಾರಿ, ಹೊರಹೋಗುವ ಪಶ್ಚಿಮದ ಕಡೆ ಇಳಿಯುವ ದಾರಿ. ಕರೆಂಟಿನ ಬಗೆಗಿನ ತಿಳಿವಳಿಕೆ ನಾಳೆ ಬದಲಾದರೂ ಹೆಸರು ಕೆಡಬಾರದೆಂಬ ಎಚ್ಚರ ಅದು. ತಮಾಷೆಯೆಂದರೆ, ಆಧಾರವಾಗಿ ಹಿಡಿದ ಭೂಕಾಂತವೇ ಲಕ್ಷಾಂತರ ವರ್ಷಗಳಿಗೊಮ್ಮೆ ದಿಕ್ಕು ತಿರುಗಿಸುತ್ತದೆಂದು ಆಮೇಲೆ ಗೊತ್ತಾಯಿತು. ಹೆಸರಿಗೇನೂ ಆಗಲಿಲ್ಲ. ಬರೀ ‘ಏರುದಾರಿ’ ಎನ್ನುವ ಪದವನ್ನು ಸುಳ್ಳಾಗಿಸುವುದು ಹೇಗೆ? ಹ್ಯೂವೆಲ್‌ನ ಜಾಣತನ ಇಲ್ಲಿದೆ. ರಸಾಯನಶಾಸ್ತ್ರಜ್ಞ ಲವಾಸಿಯೆ ಹಾಗಲ್ಲ, ಆಮ್ಲ ಹುಟ್ಟಿಸುವುದು ಎಂಬ ಸಿದ್ಧಾಂತವನ್ನೇ ಆಕ್ಸಿಜನ್ ಎಂಬ ಹೆಸರಿನೊಳಗೆ ಹೂತ. ಆಕ್ಸಿಜನ್ನೇ ಇಲ್ಲದ ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ಸುಳ್ಳು ಮಾಡಿತು. ನಮ್ಮ ‘ಆಮ್ಲಜನಕ’ ಇನ್ನೂ ಆ ತಪ್ಪನ್ನು ಹೊತ್ತು ತಿರುಗುತ್ತಿದೆ.

ಹ್ಯೂವೆಲ್ ಕೊಟ್ಟ ಇನ್ನೊಂದು ಪದ ಅಯಾನು, ಅಂದರೆ ‘ಹೋಗುತ್ತಿರುವುದು’. ಉತ್ತರಾಯಣದ ಅಯನಕ್ಕೂ ಅದಕ್ಕೂ ಬೇರು ಒಂದೇ. ಕನ್ನಡ ಅದನ್ನು ಹಾಗೆಯೇ ಉಳಿಸಿಕೊಂಡದ್ದು ಒಳ್ಳೆಯದಾಯಿತು.

ಆನೋಡನ್ನು ‘ಧನಾಗ್ರ’ ಮಾಡುವ ರೂಢಿಯನ್ನು ಮಾತ್ರ ಮೆಚ್ಚಲಾಗದು. ಫ್ಯಾರಡೆ ಬಳಸಿದ ಹೆಸರಿನಲ್ಲಿ ಪ್ಲಸ್ಸು ಮೈನಸ್ಸುಗಳಿಲ್ಲ. ದ್ರಾವಣಕ್ಕೆ ಕರೆಂಟು ಎಲ್ಲಿಂದ ಒಳಬರುತ್ತದೋ ಅದು ಆನೋಡ್, ಅಷ್ಟೇ. ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಯಲ್ಲಿ ಅದು ಧನವೇ ಸರಿ. ಆದರೆ ಟಾರ್ಚಿಗೆ ಹಾಕುವ ಮಾಮೂಲಿ ಸೆಲ್ಲಿನಲ್ಲಿ ಸತುವಿನ ಹೊರಡಬ್ಬಿಯೇ ಆನೋಡ್, ಅದು ಮೈನಸ್ಸು. ಹುಡುಗರು ಇಲ್ಲಿ ಎಡವಿದರೆ ತಪ್ಪು ಅವರದಲ್ಲ. ಇಂಗ್ಲಿಷ್ ಬಳಸುವವರೂ ಪೂರ್ತಿ ಶುದ್ಧರೇನಲ್ಲ: ಲಿಥಿಯಂ ಬ್ಯಾಟರಿಯವರು ಗ್ರಾಫೈಟನ್ನು ಚಾರ್ಜ್ ಆಗುವಾಗಲೂ ಆನೋಡ್ ಎಂದೇ ಕರೆಯುತ್ತಾರೆ. ಫ್ಯಾರಡೆಯ ಲೆಕ್ಕದಲ್ಲಿ ಆಗ ಅದು ಕ್ಯಾಥೋಡ್.