ಜೇನುಪೆಟ್ಟಿಗೆಯ ಸ್ವಾಮೀಜಿ

ಸಂತರ ಜೀವನಚರಿತ್ರೆ ಓದೋದು ನನಗೆ ಒಂಥರಾ ಚಟ. ಮಠಗಳ ಸ್ಮರಣ ಸಂಚಿಕೆ, ಜಯಂತಿ ದಿನದ ಪೇಪರ್ ಪುರವಣಿ, ಜಾತ್ರೆಯಲ್ಲಿ ಸಿಗುವ ತೆಳು ಪುಸ್ತಕ, ಯಾವುದನ್ನೂ ಬಿಡಲ್ಲ. ಇಷ್ಟೆಲ್ಲ ಓದಿದ್ದಕ್ಕೆ ಒಂದು ದೂರು ಹೇಳುವ ಹಕ್ಕಾದರೂ ಇರಬೇಕಲ್ಲ? ಈ ಪುಸ್ತಕಗಳಲ್ಲಿ ಸ್ವಾಮೀಜಿ ಬಾಲ್ಯದಲ್ಲೇ ಧ್ಯಾನಕ್ಕೆ ಕೂರುತ್ತಾರೆ, ಯೌವನದಲ್ಲಿ ಮನೆ ಬಿಡುತ್ತಾರೆ, ಗುರು ಸಿಗುತ್ತಾರೆ. ಅಲ್ಲಿವರೆಗೆ ಕಥೆ ಚೆನ್ನಾಗಿಯೇ ಓಡುತ್ತೆ. ಆಮೇಲಿನ ಮೂವತ್ತು ನಲವತ್ತು ವರ್ಷದ ದುಡಿಮೆ ಮಾತ್ರ, ಗಂಧದ ಹಾಗೆ ತೇಯ್ದುಕೊಂಡರು ಅನ್ನುವ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತೆ. ಏನು ಸೇವೆ? ಯಾರಿಗೆ? ದುಡ್ಡು ಎಲ್ಲಿಂದ ಬಂತು? ಕೇಳಂಗಿಲ್ಲ.

ಸ್ವಾಮಿ ಶಾಂಭವಾನಂದರ ವಿಷಯದಲ್ಲಿ ಈ ಸಿಟ್ಟು ನನಗೆ ಇನ್ನೂ ಜಾಸ್ತಿ. ನಾನು ಅಮ್ಮತ್ತಿಯವಳು. ಗೋಣಿಕೊಪ್ಪ ದಾಟಿದರೆ ಪೊನ್ನಂಪೇಟೆ. ಅಲ್ಲಿ 1927ರಲ್ಲಿ ರಾಮಕೃಷ್ಣ ಶಾರದಾಶ್ರಮ ಶುರು ಮಾಡಿದವರು ಅವರು. ಮುಂದೆ ಮೈಸೂರಿಗೆ ಹೋಗಿ, 1953ರಲ್ಲಿ ರಾಮಕೃಷ್ಣ ವಿದ್ಯಾಶಾಲೆ ಕಟ್ಟಿದರು. ನಿಮ್ಮ ಆಫೀಸಿನಲ್ಲೂ ಅಲ್ಲಿ ಓದಿದವರು ಒಬ್ಬರಾದರೂ ಇರಬಹುದು, ಕೇಳಿ ನೋಡಿ. ವಿದ್ಯಾಶಾಲೆಯ ಬಗ್ಗೆ ಮಾತಾಡೋರು ಬೇಕಾದಷ್ಟಿದ್ದಾರೆ. ನನಗೆ ಮುಖ್ಯ ಅನ್ನಿಸೋದು ಅದಕ್ಕಿಂತ ಮುಂಚಿನ ಒಂದು ಕೆಲಸ: ಜೇನು ಸಾಕಣೆ.

ಕೊಡಗಿನಲ್ಲಿ ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ಹರಡಿದವರಲ್ಲಿ ಮೊದಲು ಬರುವ ಹೆಸರು ಶಾಂಭವಾನಂದರದು. ಇದರಲ್ಲಿ ದೊಡ್ಡದೇನಿದೆ ಅಂತ ತಿಳಿಯಬೇಕಾದರೆ ಪೆಟ್ಟಿಗೆಯೊಳಗೆ ಇಣುಕಬೇಕು. ಹಿಂದೆ ಪೊಟರೆಯಿಂದಲೋ ಮಡಕೆಯಿಂದಲೋ ತುಡುವೆ ಜೇನಿನ ಎರಿಯನ್ನು ಕಿತ್ತು ಹಿಂಡುತ್ತಿದ್ದರು. ತುಪ್ಪದ ಜೊತೆ ಮರಿಯೂ ಹೋಗುತ್ತಿತ್ತು, ಎಷ್ಟೋ ಸಲ ಕುಟುಂಬವೇ ಜಾಗ ಬಿಟ್ಟು ಹಾರಿಹೋಗುತ್ತಿತ್ತು. ಪೆಟ್ಟಿಗೆಯಲ್ಲಿ ಮರಿಗಳ ಕೋಣೆ ಕೆಳಗೆ, ತುಪ್ಪದ ಕೋಣೆ ಮೇಲೆ. ಮೇಲಿನ ಚೌಕಟ್ಟುಗಳನ್ನು ಮಾತ್ರ ತೆಗೆದು, ಕೈಯಂತ್ರದಲ್ಲಿ ತಿರುಗಿಸಿ ತುಪ್ಪ ಇಳಿಸಿ, ಎರಿಯನ್ನು ವಾಪಸ್ ಇಟ್ಟುಬಿಡಬಹುದು. ಜೇನೂ ಉಳಿಯಿತು, ತುಪ್ಪವೂ ಸಿಕ್ಕಿತು. ದಕ್ಷಿಣದ ಪುಟ್ಟ ಜೇನುನೊಣಕ್ಕೆ ಹೊಂದುವ ಇಂಥ ಪೆಟ್ಟಿಗೆಯನ್ನು ರೂಪಿಸಿದವರು ತಿರುಚ್ಚಿ ಕಡೆಯ ಕ್ರೈಸ್ತ ಪಾದ್ರಿ ನ್ಯೂಟನ್. ಪಾದ್ರಿಯ ಪೆಟ್ಟಿಗೆಗಳ ಕಾಲದಲ್ಲೇ ಕಾವಿ ಉಟ್ಟವರೊಬ್ಬರು ಕೊಡಗಿನ ತೋಟದವರಿಗೆ ಜೇನು ಸಾಕಿ ಎನ್ನುತ್ತಿದ್ದರು. ಇವತ್ತಿನ ವಾಟ್ಸಾಪ್ ಗ್ರೂಪುಗಳಲ್ಲಿ ಈ ವಿಷಯ ಹಾಕಿದರೆ ಏನಾಗುತ್ತೋ, ಬಿಡಿ.

ನಮ್ಮ ಅಮ್ಮತ್ತಿ, ಸಿದ್ದಾಪುರ ಕಡೆ ರೊಬಸ್ಟಾ ಜಾಸ್ತಿ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಆ ಕೆಲವೇ ದಿನ ಜೇನು ಓಡಾಡಿದರೆ ಫಸಲಿಗೆ ಒಳ್ಳೇದು. ಅಂದರೆ ಈ ಸೇವೆ ಬರೀ ಬಾಟಲಿಯಲ್ಲಿ ತುಂಬುವಂಥದ್ದಲ್ಲ. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವೂ ಆಯಿತು. ನೀವು ವೀಕೆಂಡ್‌ಗೆ ಹೋಂಸ್ಟೇಗೆ ಬಂದು 'ಕೂರ್ಗ್ ಹನಿ' ಅಂತ ಕೊಂಡುಹೋಗ್ತೀರಲ್ಲ, ಆ ಹೆಸರಿನ ಹಿಂದೆ ಇಷ್ಟೆಲ್ಲ ಇದೆ.

ಇದನ್ನೆಲ್ಲ ವಿವರವಾಗಿ ಬರೆದರೆ ಸ್ವಾಮೀಜಿಯ ಆಧ್ಯಾತ್ಮಿಕ ಎತ್ತರ ಕಡಿಮೆಯಾಗಿಬಿಡುತ್ತೆ ಅನ್ನುವ ಭಯ ನಮ್ಮ ಲೇಖಕರಿಗೆ ಇದ್ದಂತಿದೆ. ವಿವೇಕಾನಂದರು 1897ರಲ್ಲಿ ಮಿಷನ್ ಕಟ್ಟಿದ್ದೇ ಮೋಕ್ಷ ಬೇರೆ, ಲೋಕದ ಕೆಲಸ ಬೇರೆ ಅಲ್ಲ ಎಂದು. ಅಂದಮೇಲೆ ಎರಿ ತಿರುಗಿಸುವ ಯಂತ್ರ ಪೂಜೆಯ ಗಂಟೆಯಷ್ಟೇ ಮುಖ್ಯ ಆಗಬೇಕಲ್ಲ? ಕುವೆಂಪು ಮೈಸೂರಿನ ಆಶ್ರಮದಲ್ಲಿದ್ದವರು, ಪರಮಹಂಸರ ಮತ್ತು ವಿವೇಕಾನಂದರ ಚರಿತ್ರೆಗಳನ್ನು ಕಾವ್ಯದ ಆವೇಶದಲ್ಲಿ ಬರೆದರು. ಅವು ದೊಡ್ಡ ಪುಸ್ತಕಗಳೇ. ಆದರೆ ಆಮೇಲೆ ಬಂದವರು ಆ ಆವೇಶವನ್ನಷ್ಟೇ ಹೊತ್ತುಕೊಂಡರು. ಕುವೆಂಪು ಅವರಿಗಿದ್ದ ಭಾಷೆ ಇಲ್ಲ, ಅದರ ಜಾಗದಲ್ಲಿ ವಿವರವೂ ಇಲ್ಲ, ಉಳಿದದ್ದು ವಿಶೇಷಣ.

ವಿಶೇಷಣದಿಂದ ಇನ್ನೊಂದು ನಷ್ಟ ಇದೆ, ನನ್ನ ಪ್ರಕಾರ ದೊಡ್ಡ ನಷ್ಟ. 'ಕರುಣಾಮೂರ್ತಿ' ಎಂದ ಮೇಲೆ ಪ್ರಶ್ನೆ ಕೇಳೋಕೆ ಆಗಲ್ಲ. ಜೇನುಪೆಟ್ಟಿಗೆ ಇಡಲು ಹಿತ್ತಿಲು ಬೇಕು. ತೋಟದ ಲೈನ್ ಮನೆಯಲ್ಲಿ ಇದ್ದವರು ಎಲ್ಲಿಡಬೇಕಿತ್ತು? ಹೆಸರಲ್ಲೇ ಜೇನು ಇಟ್ಟುಕೊಂಡ ಜೇನುಕುರುಬರು ಎತ್ತರದ ಮರ ಹತ್ತಿ ಹೆಜ್ಜೇನು ಇಳಿಸುವವರು, ಕಾಡಿನ ಜೇನನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಪೆಟ್ಟಿಗೆಯ ಹೊಸ ವಿದ್ಯೆಯಲ್ಲಿ ಅವರಿಗೆ ಪಾಲು ಎಷ್ಟು? ವಿದ್ಯಾಶಾಲೆಯನ್ನೇ ತಗೊಳ್ಳಿ, ಅದು ಹುಡುಗರ ಶಾಲೆ. ನನ್ನಂಥವಳಿಗೆ ಅದು ಗೇಟಿನಾಚೆ ನಿಂತು ಮೆಚ್ಚಬೇಕಾದ ಸೇವೆ. ಇವನ್ನು ಕೇಳಿದರೆ ಸ್ವಾಮೀಜಿಗೆ ಅವಮಾನ ಅಂತ ನನಗನ್ನಿಸಲ್ಲ. ಜೇನು ಸಾಕೋಕೆ ಹೇಳಿಕೊಟ್ಟವರು ಲೆಕ್ಕ ಕೇಳಿದರೆ ಬೇಸರ ಮಾಡ್ಕೋತಾರಾ?

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು. ಮರಿ ಗೂಡಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುತ್ತೆ. ನಮ್ಮ ಮನೆ ಹಿಂದೆ ಖಾಲಿ ಪೆಟ್ಟಿಗೆ ಕೋಳಿ ಮೊಟ್ಟೆ ಇಡೋ ಜಾಗ ಆಗಿತ್ತು. ಆಮೇಲೆ ನಿಧಾನಕ್ಕೆ ಜೇನು ವಾಪಸ್ ಬಂತು, ಜನ ಮತ್ತೆ ಪೆಟ್ಟಿಗೆ ಇಟ್ಟರು. ಸಂತನೊಬ್ಬನ ಕೆಲಸ ಅವನು ಹೋದ ಮೇಲೆ ಹೇಗೆ ಸಾಯುತ್ತೆ, ಹೇಗೆ ಬದುಕುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಅಧ್ಯಾಯ ಯಾವುದಿದೆ? ಆದರೆ ಸಂತಚರಿತ್ರೆಗಳು ಸಮಾಧಿಗೆ ಹೂ ಹಾಕಿ ಮುಗಿಯುತ್ತವೆ.

ಯಾರಾದರೂ ಶಾಂಭವಾನಂದರ ಬಗ್ಗೆ ಹೊಸದಾಗಿ ಬರೆಯೋದಾದರೆ, ಭಕ್ತರ ಸಂದರ್ಶನಕ್ಕೆ ಮುಂಚೆ ವಿರಾಜಪೇಟೆ ಸಂಘದ ಹಳೇ ಸದಸ್ಯರ ಪಟ್ಟಿ ಕೇಳಿ. ಅದರಲ್ಲಿ ಯಾವ ಯಾವ ಮನೆತನದ ಹೆಸರಿದೆ, ಯಾವ ಹಾಡಿಯ ಹೆಸರಿಲ್ಲ ಅಂತ ನೋಡಿ. ಮುನ್ನುಡಿ ಬರೆಸೋದು ಆಮೇಲೆ ಇದ್ದೇ ಇದೆ.