ತಟಸ್ಥ ನಿರೂಪಣೆಯ ಸಮಸ್ಯೆ: ಒಂದು ವಿದ್ಯಾರ್ಥಿ ವ್ಯಾಜ್ಯದ ಎರಡು ವರ್ಣನೆಗಳು

೧

ವಿದ್ಯಾರ್ಥಿಗಳಿಗೂ ವಿದ್ಯಾಸಂಸ್ಥೆಗೂ ನಡುವೆ ವಾಕ್‌ಸ್ವಾತಂತ್ರ್ಯವನ್ನು ಕುರಿತು ವಿವಾದವುಂಟಾದಾಗ ಅದನ್ನು ವರದಿ ಮಾಡುವವರು, ವಿಮರ್ಶಿಸುವವರು, ಮುಂದೆ ಅದರ ಇತಿಹಾಸವನ್ನು ಬರೆಯುವವರು ಎಲ್ಲರೂ ತಾವು ತಟಸ್ಥರೆಂದೇ ಹೇಳಿಕೊಳ್ಳುತ್ತಾರೆ. ತಟಸ್ಥನೆಂದರೆ ತಟದಲ್ಲಿ, ಅಂದರೆ ದಡದ ಮೇಲೆ, ನಿಂತವನು. ಹೊಳೆಯ ಸೆಳವಿಗೆ ಸಿಕ್ಕದಿರುವುದರಿಂದ ಅವನಿಗೆ ಪ್ರವಾಹದ ಗತಿ ಚೆನ್ನಾಗಿ ಕಾಣುವುದೆಂಬುದು ಈ ಶಬ್ದದಲ್ಲಿ ಅಡಗಿರುವ ಭಾವನೆ. ಆದರೆ ಹೊಳೆಗೆ ಎರಡು ದಡಗಳುಂಟು. ಯಾವ ದಡದಲ್ಲಿ ನಿಂತು ನೋಡಿದೆಯೆಂಬ ಪ್ರಶ್ನೆಯಿಂದ ತಟಸ್ಥನೂ ತಪ್ಪಿಸಿಕೊಳ್ಳಲಾರ.

ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ನಿಜವಾದ ವ್ಯಾಜ್ಯವೊಂದನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಮೇಲು. ಅಮೆರಿಕದ ಸುಪ್ರೀಂ ಕೋರ್ಟು ೧೯೬೯ರ ಫೆಬ್ರವರಿ ೨೪ರಂದು ತೀರ್ಮಾನಿಸಿದ ಟಿಂಕರ್ ವ್ಯಾಜ್ಯವು ಇದಕ್ಕೆ ಬಹಳ ಅನುಕೂಲವಾದುದು. ಅದರಲ್ಲಿ ಒಂದೇ ಸಾಕ್ಷ್ಯವನ್ನು ಓದಿದ ಇಬ್ಬರು ನ್ಯಾಯಮೂರ್ತಿಗಳು ಒಂದೇ ಘಟನೆಯನ್ನು ಎರಡು ಬಗೆಯಾಗಿ ವರ್ಣಿಸಿದ್ದಾರೆ. ಇಬ್ಬರೂ ನಿಷ್ಪಕ್ಷಪಾತವಾಗಿ ಬರೆಯುವುದನ್ನೇ ವೃತ್ತಿಯಾಗಿ ಉಳ್ಳವರು. ಆ ವ್ಯಾಜ್ಯದ ನ್ಯಾಯಾನ್ಯಾಯಗಳನ್ನು ಮತ್ತೆ ತೂಗುವುದು ಈ ಲೇಖನದ ಉದ್ದೇಶವಲ್ಲ. ಬರವಣಿಗೆಯ ರೀತಿ ಮಾತ್ರ ಇಲ್ಲಿಯ ವಿಷಯ.

೨

ಮೊದಲು ಸಂಗತಿಗಳನ್ನು ಸಂಗ್ರಹಿಸಿ ಹೇಳಬೇಕು. ೧೯೬೫ರ ಡಿಸೆಂಬರಿನಲ್ಲಿ ಅಯೋವಾ ಸಂಸ್ಥಾನದ ಡಿಮಾಯ್ನ್ ನಗರದ ಒಂದು ಮನೆಯಲ್ಲಿ ಕೆಲವು ಹಿರಿಯರೂ ವಿದ್ಯಾರ್ಥಿಗಳೂ ಸೇರಿದರು. ವಿಯೆಟ್ನಾಂ ಯುದ್ಧಕ್ಕೆ ತಮ್ಮ ಅಸಮ್ಮತಿಯನ್ನೂ ಯುದ್ಧವಿರಾಮಕ್ಕೆ ಬೆಂಬಲವನ್ನೂ ಸೂಚಿಸುವುದಕ್ಕಾಗಿ ಹಬ್ಬದ ದಿನಗಳಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬೇಕೆಂದು ನಿಶ್ಚಯಿಸಿದರು. ಸುದ್ದಿ ತಿಳಿದ ಮುಖ್ಯೋಪಾಧ್ಯಾಯರು ಡಿಸೆಂಬರ್ ೧೪ರಂದು ಸಭೆ ಸೇರಿ, ಪಟ್ಟಿ ಧರಿಸಿ ಬಂದವರಿಗೆ ಅದನ್ನು ತೆಗೆಯಲು ಹೇಳಬೇಕು, ತೆಗೆಯದವರನ್ನು ಪಟ್ಟಿಯಿಲ್ಲದೆ ಬರುವವರೆಗೆ ಶಾಲೆಯಿಂದ ಹೊರಗಿಡಬೇಕು ಎಂಬ ನಿಯಮವನ್ನು ಮಾಡಿದರು. ವಿದ್ಯಾರ್ಥಿಗಳಿಗೆ ಈ ನಿಯಮ ತಿಳಿದಿತ್ತು. ೧೬ರಂದು ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್ ಅವರೂ ಕ್ರಿಸ್ಟೋಫರ್ ಎಕ್‌ಹಾರ್ಟ್ ಅವರೂ, ಮರುದಿನ ಹದಿನೈದು ವರ್ಷದ ಜಾನ್ ಟಿಂಕರ್ ಅವರೂ ಪಟ್ಟಿ ಧರಿಸಿ ಶಾಲೆಗೆ ಹೋದರು. ಮೂವರನ್ನೂ ಅಧಿಕಾರಿಗಳು ಮನೆಗೆ ಕಳುಹಿಸಿದರು. ಅವರು ಹೊಸವರ್ಷದ ದಿನ ಕಳೆದ ಮೇಲೆ ಪಟ್ಟಿಯಿಲ್ಲದೆ ಶಾಲೆಗೆ ಮರಳಿದರು. ಜಿಲ್ಲಾ ನ್ಯಾಯಾಲಯದಲ್ಲಿ ಅವರ ಅರ್ಜಿ ವಜಾ ಆಯಿತು. ಮೇಲ್ಮನವಿಯ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಸಮಸಂಖ್ಯೆಯಾಗಿ ಇಬ್ಭಾಗವಾದುದರಿಂದ ಅದೇ ತೀರ್ಪು ನಿಂತಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಏಳು ಮಂದಿ ವಿದ್ಯಾರ್ಥಿಗಳ ಪರವಾಗಿಯೂ ಇಬ್ಬರು ವಿರೋಧವಾಗಿಯೂ ಮತವಿತ್ತರು.

೩

ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಏಬ್ ಫೋರ್ಟಾಸ್. ಅವರ ವರ್ಣನೆಯಲ್ಲಿ ಪಟ್ಟಿ ಧರಿಸಿದುದು ಮೌನವಾದ, ಯಾವ ಗಲಭೆಯೂ ಸೇರದ ಅಭಿಪ್ರಾಯಪ್ರಕಟನೆ. ೧೮,೦೦೦ ವಿದ್ಯಾರ್ಥಿಗಳಲ್ಲಿ ಕೆಲವರು ಮಾತ್ರ ಅದನ್ನು ಧರಿಸಿದರೆಂದೂ ಐವರನ್ನು ಮಾತ್ರ ಹೊರಗಿಡಲಾಯಿತೆಂದೂ, ತರಗತಿಯ ಹೊರಗೆ ಕೆಲವರು ಕಟುವಾಗಿ ಮಾತನಾಡಿದರೂ ಬೆದರಿಕೆಯಾಗಲಿ ಹಿಂಸೆಯಾಗಲಿ ನಡೆಯಲಿಲ್ಲವೆಂದೂ ಅವರು ಹೇಳುತ್ತಾರೆ. ಅದೇ ಶಾಲೆಗಳಲ್ಲಿ ಚುನಾವಣೆಯ ಲಾಂಛನಗಳಿಗೆ ಅಡ್ಡಿಯಿರಲಿಲ್ಲ, ನಾಜಿ ಪಕ್ಷವನ್ನು ನೆನಪಿಸುವ ಕಬ್ಬಿಣದ ಶಿಲುಬೆಯನ್ನು ಧರಿಸಿದವರೂ ಇದ್ದರು ಎಂಬುದನ್ನು ಅವರು ಎತ್ತಿ ತೋರಿಸುತ್ತಾರೆ.

ಭಿನ್ನಮತವನ್ನು ಬರೆದವರಲ್ಲಿ ಒಬ್ಬರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. ಅವರನ್ನು ವಾಕ್‌ಸ್ವಾತಂತ್ರ್ಯದ ವೈರಿಯೆಂದು ಯಾರೂ ಹೇಳುವಂತಿಲ್ಲ. ೧೯೩೭ರಿಂದ ಆ ಪೀಠದಲ್ಲಿದ್ದ ಅವರು ಆ ಸ್ವಾತಂತ್ರ್ಯದ ಕಟ್ಟಾ ಪ್ರತಿಪಾದಕರೆಂದೇ ಹೆಸರಾದವರು. ಆದರೂ ಅವರ ವರ್ಣನೆಯಲ್ಲಿ ಬೇರೆ ವಿವರಗಳು ಮುಂದೆ ಬರುತ್ತವೆ. ಸಹಪಾಠಿಗಳು ಹಾಸ್ಯ ಮಾಡಿದುದು, ಎಚ್ಚರಿಕೆಯ ಮಾತುಗಳನ್ನಾಡಿದುದು, ಗಣಿತದ ಉಪಾಧ್ಯಾಯರೊಬ್ಬರ ಪಾಠವು ಮೇರಿ ಬೆತ್ ಅವರೊಡನೆ ನಡೆದ ವಾದದಿಂದ ಬಹುಮಟ್ಟಿಗೆ ಕೆಟ್ಟುದು ಇವೆಲ್ಲ ಅಲ್ಲಿವೆ. ಟಿಂಕರ್ ಮಕ್ಕಳ ತಂದೆ ಚರ್ಚಿನ ಹೊಣೆಯಿಲ್ಲದ ಪಾದ್ರಿ, ಶಾಂತಿಪರ ಸಂಸ್ಥೆಯೊಂದರಿಂದ ಸಂಬಳ ಪಡೆಯುವವರು. ಎಕ್‌ಹಾರ್ಟ್ ಅವರ ತಾಯಿ ಮಹಿಳಾ ಶಾಂತಿ ಸಂಘಟನೆಯೊಂದರ ಪದಾಧಿಕಾರಿ ಎಂಬುದನ್ನೂ ಅವರು ಹೇಳುತ್ತಾರೆ. ಫೋರ್ಟಾಸ್ ಅವರಲ್ಲಿ ಇದಕ್ಕೆ ಪ್ರತಿಯಾಗಿ ಇರುವುದು ತಂದೆತಾಯಿಗಳು ಹಿಂದೆಯೂ ಇಂತಹ ಕಾರ್ಯಗಳಲ್ಲಿ ತೊಡಗಿದ್ದರೆಂಬ ಒಂದೇ ಮಾತು.

ಇಲ್ಲಿ ವಾಚಕರು ಗಮನಿಸತಕ್ಕದ್ದೇನೆಂದರೆ, ಎರಡು ವರ್ಣನೆಗಳಲ್ಲಿಯೂ ಕಟ್ಟುಕತೆಯಿಲ್ಲ. ಗಣಿತದ ತರಗತಿಯ ಸಂಗತಿ ಸಾಕ್ಷ್ಯದಲ್ಲಿ ಇದ್ದುದೇ. ಶಿಲುಬೆಯ ಸಂಗತಿಯೂ ಹಾಗೆಯೇ. ಒಬ್ಬರು ಎತ್ತಿ ಹೇಳಿದುದನ್ನು ಇನ್ನೊಬ್ಬರು ಬಿಟ್ಟರು. ಹೆತ್ತವರ ಉದ್ಯೋಗವನ್ನು ವಿವರಿಸಿದೊಡನೆ ಮಕ್ಕಳ ಅಭಿಪ್ರಾಯವು ಅವರದೇ ಅಲ್ಲವೆಂಬ ಭಾವನೆ ಓದುವವನಲ್ಲಿ ತಾನಾಗಿ ಮೂಡುತ್ತದೆ. ‘ಕೆಲವರು ಮಾತ್ರ’ ಎಂದೊಡನೆ ಅಧಿಕಾರಿಗಳ ಭಯವು ಅತಿಯಾದುದೆಂಬ ಭಾವನೆ ಹುಟ್ಟುತ್ತದೆ. ಇನ್ನೊಂದು ಸಂಗತಿಯ ಸ್ಥಾನವನ್ನೂ ನೋಡಬೇಕು. ಆ ಊರಿನ ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿ ವಿಯೆಟ್ನಾಮಿನಲ್ಲಿ ಮಡಿದಿದ್ದನು. ಅವನ ಗೆಳೆಯರು ಇನ್ನೂ ಶಾಲೆಯಲ್ಲಿದ್ದುದರಿಂದ ಪ್ರದರ್ಶನವೇನಾದರೂ ನಡೆದರೆ ಹತೋಟಿ ತಪ್ಪಬಹುದೆಂದು ಅಧಿಕಾರಿಗಳು ತಮ್ಮ ಬರಹದಲ್ಲಿ ಕಾರಣ ಕೊಟ್ಟಿದ್ದರು. ಬಹುಮತದ ತೀರ್ಪಿನಲ್ಲಿ ಈ ಮಾತು ಅಡಿಟಿಪ್ಪಣಿಯಲ್ಲಿ ಸೇರಿದೆ. ಮರೆಮಾಚಿಲ್ಲ, ನಿಜ, ಆದರೆ ಅಡಿಟಿಪ್ಪಣಿಯನ್ನು ಓದುವವರು ಎಷ್ಟು ಮಂದಿ? ಸುಳ್ಳಾಡದೆಯೂ ಪಕ್ಷವಹಿಸಬಹುದು, ಆಯ್ಕೆ, ಸ್ಥಾನ, ವಿಶೇಷಣ ಈ ಮೂರೇ ಅದಕ್ಕೆ ಸಾಕು.

ನ್ಯಾಯಮೂರ್ತಿಗಳ ಮಟ್ಟಿಗೆ ಇದು ದೋಷವೆನ್ನಲಾಗದು. ತೀರ್ಪು ಕೊಡುವುದು ಅವರ ಕರ್ತವ್ಯ. ಅವರ ವರ್ಣನೆ ಆ ತೀರ್ಪಿನ ಕಡೆಗೇ ಹರಿಯುತ್ತದೆ. ಆದರೆ ಇವೆರಡರಲ್ಲಿ ಒಂದನ್ನೇ ಓದಿ ಅದನ್ನು ಸಂಗತಿಗಳ ಸಾರವೆಂದು ನಮ್ಮ ಭಾಷೆಗೆ ಇಳಿಸಿಕೊಳ್ಳುವ ಲೇಖಕನಿಗೆ ಆ ಸಮಾಧಾನವಿಲ್ಲ. ಅವನು ತೀರ್ಪನ್ನು ವರದಿಯೆಂದು ಭ್ರಮಿಸಿ ಕೊಟ್ಟಂತಾಗುತ್ತದೆ.

೪

ಇಂತಹ ವಿವಾದವನ್ನು ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷಿನಲ್ಲಿಲ್ಲದ ಕೆಲವು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಗೌರವಸೂಚಕ ರೂಪ. ಹದಿಮೂರು ವರ್ಷದ ಬಾಲಿಕೆಯನ್ನು ‘ಅವಳು ಹೋದಳು’ ಎಂದೂ ಮುಖ್ಯೋಪಾಧ್ಯಾಯರನ್ನು ‘ಅವರು ಹೇಳಿದರು’ ಎಂದೂ ಬರೆಯುವುದು ನಮ್ಮಲ್ಲಿ ಸಹಜ. ವಯಸ್ಸಿಗೂ ಪದವಿಗೂ ಸಲ್ಲುವ ಮರ್ಯಾದೆ ಅದು. ಆದರೆ ಶಾಲೆಯ ಬಾಗಿಲೊಳಗೂ ವಿದ್ಯಾರ್ಥಿಗೆ ಸಂವಿಧಾನದ ಹಕ್ಕು ಉಂಟೇ ಎಂಬುದೇ ವ್ಯಾಜ್ಯದ ಪ್ರಶ್ನೆಯಾಗಿರುವಾಗ, ಒಂದು ಪಕ್ಷಕ್ಕೆ ಏಕವಚನವನ್ನೂ ಇನ್ನೊಂದಕ್ಕೆ ಬಹುವಚನವನ್ನೂ ಕೊಟ್ಟರೆ ಪ್ರತಿಯೊಂದು ಕ್ರಿಯಾಪದದ ಕೊನೆಯಲ್ಲಿಯೂ ತೀರ್ಪು ಬಂದು ಕುಳಿತುಕೊಳ್ಳುತ್ತದೆ. ಇಬ್ಬರೂ ನ್ಯಾಯಾಲಯದ ಮುಂದೆ ನಿಂತ ಪಕ್ಷಗಾರರು. ಇಬ್ಬರಿಗೂ ಒಂದೇ ರೂಪ ಸಲ್ಲಬೇಕು.

ಎರಡನೆಯದು ‘ಹೇಳು’ ಎಂಬುದಕ್ಕೆ ಬದಲಾಗಿ ಬರುವ ಕ್ರಿಯಾಪದಗಳು. ನಮ್ಮ ವರದಿಗಳಲ್ಲಿ ಅಧಿಕಾರಿಗಳು ‘ಸ್ಪಷ್ಟಪಡಿಸುತ್ತಾರೆ’. ವಿದ್ಯಾರ್ಥಿಗಳು ‘ಆರೋಪಿಸುತ್ತಾರೆ’ ಅಥವಾ ‘ಪಟ್ಟುಹಿಡಿಯುತ್ತಾರೆ’. ಸ್ಪಷ್ಟಪಡಿಸುವುದೆಂದರೆ ಇದ್ದ ಸತ್ಯವನ್ನು ಬೆಳಕಿಗೆ ತರುವುದು. ಆರೋಪಿಸುವುದೆಂದರೆ ಇನ್ನೂ ಸಿದ್ಧವಾಗದುದನ್ನು ಹೊರಿಸುವುದು. ವಿದ್ಯಾರ್ಥಿಪಕ್ಷದ ಲೇಖಕನು ಇದನ್ನೇ ತಿರುವಿ, ವಿದ್ಯಾರ್ಥಿಗಳು ‘ಸಾರಿದರು’, ಅಧಿಕಾರಿಗಳು ‘ಸಮಜಾಯಿಷಿ ಕೊಟ್ಟರು’ ಎನ್ನುತ್ತಾನೆ. ‘ಹೇಳಿದರು’ ಎಂಬ ಸಾದಾ ಮಾತು ಇವೆಲ್ಲಕ್ಕಿಂತ ಪ್ರಾಮಾಣಿಕವಾದುದು.

ಮೂರನೆಯದು ಕರ್ಮಣಿ ಪ್ರಯೋಗ. ‘ಐವರನ್ನು ಹೊರಗಿಡಲಾಯಿತು’ ಎಂಬ ವಾಕ್ಯವು ತಟಸ್ಥವೆಂದು ಅನೇಕರ ಭಾವನೆ. ಆದರೆ ಅದರಲ್ಲಿ ಹೊರಗಿಟ್ಟವರು ಯಾರೆಂಬುದಿಲ್ಲ. ಮಳೆ ಬಂದಂತೆ, ಗಾಳಿ ಬೀಸಿದಂತೆ ಆ ಕೆಲಸವು ತಾನೇ ಆಯಿತೆಂಬಂತಿದೆ. ಅದೇ ಲೇಖಕನು ಮುಂದಿನ ವಾಕ್ಯದಲ್ಲಿ ‘ವಿದ್ಯಾರ್ಥಿಗಳು ನಿಯಮವನ್ನು ಮುರಿದರು’ ಎಂದು ಕರ್ತರಿಯಲ್ಲಿ ಬರೆದರೆ, ಒಂದು ಪಕ್ಷದ ಕೃತ್ಯಕ್ಕೆ ಕರ್ತೃವಿದ್ದು ಇನ್ನೊಂದಕ್ಕೆ ಇಲ್ಲದಂತಾಗುತ್ತದೆ. ನಾಲ್ಕನೆಯದಾಗಿ ‘ಅಂತೆ’. ‘ಸತ್ತವರಿಗಾಗಿ ಶೋಕಿಸಲು ಪಟ್ಟಿ ಕಟ್ಟಿದರು’ ಎಂಬುದಕ್ಕೂ ‘ಕಟ್ಟಿದರಂತೆ’ ಎಂಬುದಕ್ಕೂ ನಡುವೆ ಇರುವ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

೫

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಹೀಗೆ ಎಲ್ಲವನ್ನೂ ಸರಿತೂಗಿಸಿದರೆ ಬರವಣಿಗೆ ಸಪ್ಪೆಯಾಗದೆ? ಅನ್ಯಾಯ ನಡೆದಿದ್ದರೂ ‘ಎರಡೂ ಕಡೆ ಮಾತುಂಟು’ ಎಂದು ಕೈತೊಳೆದುಕೊಂಡಂತಾಗದೆ? ಆಕ್ಷೇಪಣೆ ಸಾಧುವಾದುದೇ. ಅದರ ಪರಿಹಾರಕ್ಕೆ ತಾಟಸ್ಥ್ಯವನ್ನೂ ಔದಾಸೀನ್ಯವನ್ನೂ ಬೇರ್ಪಡಿಸಿಕೊಳ್ಳಬೇಕು. ಉದಾಸೀನನಿಗೆ ಫಲದಲ್ಲಿ ಆಸಕ್ತಿಯಿಲ್ಲ. ತಟಸ್ಥನಿಗೆ ಉಂಟು, ಆದರೆ ಅದನ್ನು ಅವನು ಸಂಗತಿಗಳ ವೇಷದಲ್ಲಿ ಒಳಗೆ ಬಿಡುವುದಿಲ್ಲ. ಸಂಗತಿಗಳನ್ನು ಪೂರ್ತಿಯಾಗಿ ಹೇಳಿದ ಮೇಲೆ, ‘ನನ್ನ ಅಭಿಪ್ರಾಯ ಇದು’ ಎಂದು ತನ್ನ ಹೆಸರಿನಲ್ಲಿಯೇ ಹೇಳುತ್ತಾನೆ. ಈ ಲೇಖಕನ ಅಭಿಪ್ರಾಯದಲ್ಲಿ ಬಹುಮತದ ತೀರ್ಪೇ ಸರಿಯಾದುದು. ಗಣಿತದ ತರಗತಿಯ ಸಂಗತಿಯನ್ನು ಸೇರಿಸಿಕೊಂಡು ನೋಡಿದರೂ ಅದು ಸರಿಯೇ. ಹಾಗೆ ಸೇರಿಸಿಕೊಂಡು ನೋಡಿದಾಗ ಮಾತ್ರ ಆ ಅಭಿಪ್ರಾಯಕ್ಕೆ ಬೆಲೆ.

ನಮ್ಮ ದೇಶದ ಒಂದು ತೀರ್ಪಿನಲ್ಲಿ ಇದಕ್ಕೆ ಒಳ್ಳೆಯ ಮಾದರಿಯಿದೆ. ೧೯೮೫ರಲ್ಲಿ ಕೇರಳದ ಒಂದು ಶಾಲೆಯು ರಾಷ್ಟ್ರಗೀತೆಯನ್ನು ಹಾಡದ ಮೂವರು ಮಕ್ಕಳನ್ನು ಹೊರಹಾಕಿತು. ಅವರು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ೧೯೮೬ರ ಆಗಸ್ಟ್ ೧೧ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ಬರೆದ ತೀರ್ಪು ಮಕ್ಕಳ ಪರವಾಯಿತು. ಅದರಲ್ಲಿ ಮಕ್ಕಳು ಗೀತೆಯ ಕಾಲದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ ಎಂಬ ಎರಡು ಸಂಗತಿಗಳೂ ಜೊತೆಜೊತೆಯಾಗಿ ನಿಂತಿವೆ. ‘ಹಾಡಲಿಲ್ಲ’ ಎಂದಷ್ಟೇ ಬರೆದವನೂ ಸತ್ಯವನ್ನೇ ಬರೆದನು. ‘ನಿಂತರು’ ಎಂದಷ್ಟೇ ಬರೆದವನೂ ಸತ್ಯವನ್ನೇ ಬರೆದನು. ಆದರೆ ಇಬ್ಬರೂ ಅರ್ಧವನ್ನು ಬರೆದರು. ಆ ವ್ಯಾಜ್ಯದ ತಿರುಳೆಲ್ಲ ಆ ಎರಡು ಕ್ರಿಯಾಪದಗಳ ನಡುವೆಯೇ ಇತ್ತು.

ಇಷ್ಟು ಸೂಕ್ಷ್ಮತೆ ಏಕೆ ಬೇಕೆಂದರೆ, ಈ ಬಗೆಯ ವಿವಾದಗಳಲ್ಲಿ ಎರಡು ಪಕ್ಷಗಳ ಬಾಳಿಕೆ ಸಮನಾದುದಲ್ಲ. ವಿದ್ಯಾರ್ಥಿಗಳು ನಾಲ್ಕು ವರ್ಷಗಳಲ್ಲಿ ಚದರಿಹೋಗುತ್ತಾರೆ. ಸಂಸ್ಥೆ ಉಳಿಯುತ್ತದೆ, ಅದರ ಸುತ್ತೋಲೆ, ನಡವಳಿ, ದಾಖಲೆಗಳೂ ಉಳಿಯುತ್ತವೆ. ಅಧಿಕಾರದಲ್ಲಿದ್ದವರ ಶಬ್ದವೇ ಮುಂದಿನ ಕಾಲಕ್ಕೆ ಘಟನೆಯ ಹೆಸರಾಗಿ ನಿಲ್ಲುವ ಸಂಭವ ಹೆಚ್ಚು. ಅತ್ತ ಉಪಾಧ್ಯಾಯರ ನಿಜವಾದ ಕಷ್ಟವೂ, ಮಡಿದ ಯೋಧನ ಗೆಳೆಯರ ನೋವೂ ವಿಜಯೋತ್ಸಾಹದ ಬರಹಗಳಲ್ಲಿ ಅಷ್ಟೇ ಸುಲಭವಾಗಿ ಅಳಿಸಿಹೋಗುತ್ತವೆ. ಈ ಎರಡು ನಷ್ಟಗಳನ್ನೂ ತಡೆಯತಕ್ಕವನು ನಿರೂಪಕನೇ. ಅವನು ಬರೆದ ವರ್ಣನೆಯನ್ನು ಎರಡು ಪಕ್ಷದವರೂ ಓದಿ, ಅದರ ತೀರ್ಮಾನವನ್ನು ಒಪ್ಪದಿದ್ದರೂ, ‘ನಾವು ಮಾಡಿದುದು ಇದೇ, ಹೇಳಿದುದು ಇದೇ’ ಎನ್ನುವಂತಿದ್ದರೆ ಅವನು ತಟಸ್ಥನೆಂಬ ಹೆಸರಿಗೆ ತಕ್ಕವನು.