ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ?

‘ಕೈ ಕೆಸರಾದರೆ ಬಾಯಿ ಮೊಸರು.’ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂತ ಶಾಲೆಗಳಲ್ಲಿ ಪ್ರಶ್ನೆ ಕೊಡುತ್ತಾರೆ. ಮಕ್ಕಳು ದುಡಿಮೆಯ ಮಹಿಮೆ ಬರೆದು ಅಂಕ ತಗೊಳ್ಳುತ್ತವೆ. ಗದ್ದೆ ಕೆಸರಲ್ಲಿ ನಿಂತು ನಾಟಿ ಹಾಕುವವಳ ಮಗುವೂ ಅದನ್ನೇ ಬರೆಯುತ್ತದೆ. ಅವಳ ಮನೆಯವರ ಕೈ ಕೆಸರಾಗಿ ಎಷ್ಟು ತಲೆಮಾರಾಯಿತು? ಮೊಸರು ಯಾರ ಬಾಯಿಗೆ ಹೋಯಿತು? ಕೈಯೂ ಬಾಯಿಯೂ ಒಬ್ಬನವೇ ಅಂತ ಗಾದೆ ನಂಬಿಸುತ್ತದೆ. ಭೂಮಿ ಒಬ್ಬನದು, ದುಡಿಮೆ ಇನ್ನೊಬ್ಬನದು ಆಗಿರುವ ಊರಲ್ಲಿ ಈ ನಂಬಿಕೆಯಿಂದ ಯಾರಿಗೆ ಲಾಭ?

ನುಡಿಗಟ್ಟುಗಳನ್ನು ಭಾಷೆಯ ಒಡವೆ ಅಂತ ಹೊಗಳುವ ಪಂಡಿತರು ಇಂಥ ಪ್ರಶ್ನೆ ಕೇಳುವುದಿಲ್ಲ. ನಾವು ಕೇಳಬೇಕು. ತಲೆಯಾಳು ಅಂದರೆ ಮುಖಂಡ. ಕೈಯಾಳು ಅಂದರೆ ಹೇಳಿದ್ದು ಮಾಡುವವನು. ಕಾಲಾಳು ಅಂದರೆ ಯುದ್ಧಕ್ಕೆ ನಡೆದು ಹೋಗುವವನು. ಮೈಯ ಮೆಟ್ಟಿಲೇ ಸಮಾಜದ ಮೆಟ್ಟಿಲೂ ಆಗಿದೆ. ಋಗ್ವೇದದ ಹತ್ತನೇ ಮಂಡಲದ ಪುರುಷಸೂಕ್ತ ಬಾಯಿ, ತೋಳು, ತೊಡೆ, ಪಾದ ಅಂತ ನಾಲ್ಕು ವರ್ಣಗಳನ್ನು ಒಂದು ಮೈಮೇಲೆ ಹಂಚಿತು. ಪಂಚಮನಿಗೆ ಆ ಮೈಯಲ್ಲಿ ಜಾಗವೇ ಇಲ್ಲ. ಕನ್ನಡದ ಮಾತುಗಳೆಲ್ಲ ಅಲ್ಲಿಂದಲೇ ಹುಟ್ಟಿದವು ಅಂದರೆ ಸುಳ್ಳಾಗುತ್ತದೆ. ತಲೆ ಮೇಲಿದೆ, ಕಾಲು ಕೆಳಗಿದೆ ಅನ್ನೋದು ಯಾವ ದೇಶದ ಮನುಷ್ಯನಿಗೂ ಕಾಣುತ್ತದೆ. ಕೆಳಗಿರುವುದೆಲ್ಲ ಕೀಳು ಅಂತ ಕಲಿಸಿದ್ದು ಮಾತ್ರ ಜಾತಿ. ‘ಕಾಲಲ್ಲಿರೋದು ಕಾಲಲ್ಲೇ ಇರಬೇಕು’ ಅನ್ನುವವರ ಮನಸ್ಸಲ್ಲಿರುವುದು ಬರೀ ಚಪ್ಪಲಿಯೇನು? ಆ ಚಪ್ಪಲಿ ಹೊಲೆದವನೇ ಮೇಲ್ಜಾತಿ ಕೇರಿಯಲ್ಲಿ ಅದನ್ನು ಮೆಟ್ಟಿ ನಡೆಯುವಂತಿರಲಿಲ್ಲ.

‘ತಲೆ ಮೇಲೆ ಹೊತ್ತು ಮೆರೆಸು’ ಅಂದರೆ ಗೌರವ. ಇದೇ ನಾಡಲ್ಲಿ ಮಲದ ಬುಟ್ಟಿ ಹೊತ್ತ ತಲೆಗಳಿಗೆ ಯಾವ ಗೌರವ ಸಿಕ್ಕಿತು? ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ೧೯೭೦ರ ದಶಕದಲ್ಲಿ ಇಲ್ಲಿ ಅದನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು ೧೯೯೩ರಲ್ಲಿ. ೨೦೧೩ರಲ್ಲಿ ಇನ್ನೊಂದು ಬೇಕಾಯಿತು ಅಂದರೆ ಮೊದಲನೆಯದರ ಗತಿ ಏನಾಗಿತ್ತು ಅಂತ ಲೆಕ್ಕ ಹಾಕಿ.

ಹಾಗಂತ ಎಲ್ಲ ನುಡಿಗಟ್ಟೂ ಉಳ್ಳವರದಲ್ಲ. ‘ಹೊಟ್ಟೆಪಾಡು’, ‘ಹೊಟ್ಟೆಗೆ ತಣ್ಣೀರು ಬಟ್ಟೆ’, ‘ಹೊಟ್ಟೆ ಮೇಲೆ ಹೊಡೀಬ್ಯಾಡ್ರಪ್ಪ’: ಇವುಗಳಲ್ಲಿ ಹಸಿದವರ ದನಿಯಿದೆ. ಒದ್ದೆ ಬಟ್ಟೆ ಕಟ್ಟಿಕೊಂಡು ರಾತ್ರಿ ಕಳೆಯುವ ಮಾತು ಉಂಡು ಮಲಗಿದವನಿಗೆ ಹೊಳೆಯುವಂಥದ್ದಲ್ಲ.

‘ನನ್ನ ಚರ್ಮದಲ್ಲಿ ಚಪ್ಪಲಿ ಮಾಡಿಕೊಟ್ರೂ ನಿಮ್ಮ ಋಣ ತೀರಲ್ಲ’ ಅಂತ ಸಲೀಸಾಗಿ ಹೇಳುವವರು ಹರಳಯ್ಯನನ್ನು ನೆನೆಯಬೇಕು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿ ತಂದರು, ಬಸವಣ್ಣ ಅವನ್ನು ಕಾಲಿಗೆ ಹಾಕದೆ ತಲೆ ಮೇಲಿಟ್ಟುಕೊಂಡ ಅನ್ನುತ್ತದೆ ಶರಣರ ಕಥೆ. ಅಲ್ಲಿ ಮೈಯ ಮೆಟ್ಟಿಲು ತಲೆಕೆಳಗಾಯಿತು. ಅಷ್ಟನ್ನು ಸಹಿಸಿದ ಊರು ಮದುವೆಯನ್ನು ಸಹಿಸಲಿಲ್ಲ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳು ಬಂದಾಗ, ಹನ್ನೆರಡನೇ ಶತಮಾನದ ಕಲ್ಯಾಣ ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆ ಕೊಟ್ಟಿತು.

ಹಳ್ಳಿ ಶಾಲೆಯ ಮೇಷ್ಟ್ರುಗಳು ಈ ಮಾತುಗಳನ್ನು ಪಾಠದಿಂದ ಕಿತ್ತುಹಾಕಬೇಕಿಲ್ಲ. ಗಾದೆ ವಿಸ್ತರಿಸಿ ಅನ್ನುವಾಗ, ಇದು ನಿಮ್ಮ ಮನೆಯಲ್ಲಿ ನಿಜವಾಗಿದೆಯಾ ಅಂತಲೂ ಕೇಳಲಿ. ಆಗ ಮಗು ಬರೆಯುವ ಉತ್ತರಕ್ಕೆ ಪೂರ್ತಿ ಅಂಕ ಕೊಡಲಿ.